ಹದಿನಾಲ್ಕನೇ ಪಾಯಿಂಟಿನ ಬಾವಿ

"ಎಣ್ಣಿ ಸಿಕ್ತೇನ್ರಿ?"

ಹಡಗಲಿ ಕಡೆಯಿಂದ ಕೂಡ್ಲಿಗಿಯ ದಿಕ್ಕಿಗೆ ಗೂಟ ಹೊಡೆಯುತ್ತ ಹೋದ ಆ ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ನಾನು ದಿನಕ್ಕೆ ಹತ್ತು ಸಲವಾದರೂ ಕೇಳಿಸಿಕೊಂಡಿದ್ದೇನೆ. ಬಸ್ಸಿನಲ್ಲಿ, ಕುರಿ ಹಟ್ಟಿಯ ಮುಂದೆ, ಕೊಟ್ಟೂರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗ ಕೂಡ. ಮೊದಮೊದಲು "ಎಣ್ಣಿಗಲ್ರೀ, ನೆಲದ ತಳ ಎಷ್ಟು ದಪ್ಪ ಐತಿ ಅಂತ ನೋಡಾಕ" ಎಂದು ಬಿಡಿಸಿ ಹೇಳುತ್ತಿದ್ದೆ. ಕೇಳಿದವರು ಕಣ್ಣು ಮಿಟುಕಿಸಿ, "ಹೇಳಬ್ಯಾಡ ಅಂದಾರ ಬಿಡ್ರಿ, ಗೊತ್ತೈತಿ" ಎನ್ನುತ್ತಿದ್ದರು. ಆಮೇಲೆ ಹೇಳುವುದನ್ನೇ ಬಿಟ್ಟೆ.

ಜನರದು ತಪ್ಪಲ್ಲ. ನಮ್ಮದು ಎಣ್ಣೆ ಹುಡುಕುವ ತಂಡವೇ. ಲಾರಿ, ಕೊರೆಯುವ ಯಂತ್ರ, ಕೇಬಲ್ಲು, ಅರ್ಧಕ್ಕರ್ಧ ಜನ, ಎಲ್ಲ ಗುಜರಾತಿನ ಎಣ್ಣೆ ಸೀಮೆಯಿಂದ ಬಂದದ್ದು. ಅಲ್ಲಿ ಮೆತ್ತಗಿನ ನೆಲದ ಮೇಲೆ ಮಾಡುವ ಕೆಲಸವನ್ನೇ ಇಲ್ಲಿಯ ಗಟ್ಟಿ ಕಲ್ಲಿನ ಮೇಲೆ ಮಾಡಿ, ಕೆಳಗೆ ಏನೇನು ಪದರವಿದೆ ನೋಡಿ ಬನ್ನಿ ಎಂದು ಮೇಲಿನವರು ಕಳಿಸಿದ್ದರು. ಕೆಲಸದ ಮೂಲ ಸರಳ. ನೆಲದೊಳಗೆ ಮದ್ದು ಸಿಡಿಸುತ್ತಾರೆ. ಆ ಅದುರು ಕೆಳಕ್ಕೆ ಹೋಗಿ, ಒಂದೊಂದು ಪದರಕ್ಕೆ ಬಡಿದು ತಿರುಗಿ ಮೇಲಕ್ಕೆ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಪದರ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಎಣ್ಣೆ ಸೀಮೆಯಲ್ಲಾದರೆ ಪದರ ಗುಮ್ಮಟದ ಹಾಗೆ ಉಬ್ಬಿದ ಜಾಗ ಹುಡುಕುತ್ತಾರೆ, ಎಣ್ಣೆ ಅಲ್ಲಿ ಬಂದು ನಿಂತಿರುತ್ತದಂತೆ. ನಮ್ಮ ಕಡೆ ಕಲ್ಲಿನ ಕೆಳಗೆ ಕಲ್ಲೇ.

ಮೊದಲು ಸರ್ವೆಯವರು ದುರ್ಬೀನು ಹಿಡಿದು ನೇರ ಗೆರೆ ಎಳೆದು ಗೂಟ ಹೊಡೆದು ಹೋಗುತ್ತಿದ್ದರು. ಅವರ ಹಿಂದೆ ಕೇಬಲ್ಲಿನ ಗುಂಪು. ಮೈಲಿಗಟ್ಟಲೆ ಕೇಬಲ್ ಹಾಸಿ, ಗೂಟಗೂಟಕ್ಕೂ ಜಿಯೋಫೋನ್ ಎಂಬ ಮುಷ್ಟಿಗಾತ್ರದ ಡಬ್ಬಿಯನ್ನು ಅದರ ಮೊಳೆಯಿಂದ ನೆಲಕ್ಕೆ ಚುಚ್ಚಿ ನಿಲ್ಲಿಸುತ್ತಿದ್ದರು. ನಮ್ಮ ಕೂಲಿಯವರು ಅದಕ್ಕೆ ಕಿವಿ ಎನ್ನುತ್ತಿದ್ದರು. ಎಲ್ಲ ಕಿವಿಗಳ ಸುದ್ದಿ ಒಂದು ಮುಚ್ಚಿದ ಲಾರಿಗೆ ಬರುತ್ತಿತ್ತು. ಅದರೊಳಗೆ ಕೂತ ಬಂಗಾಳಿ ಬಾಬು ಸದ್ದನ್ನು ಉದ್ದನೆಯ ಕಾಗದದ ಮೇಲೆ ಗೆರೆಗಳಾಗಿ ಇಳಿಸಿಕೊಳ್ಳುತ್ತಿದ್ದರು. ಎರಡು ಮೈಲಿಗೊಂದು ಮದ್ದು ಸಿಡಿಸುವ ಜಾಗ, ಅದಕ್ಕೆ ಶಾಟ್ ಪಾಯಿಂಟ್ ಎಂದು ಹೆಸರು. ಮದ್ದಿನ ಉಸ್ತುವಾರಿ ಕೋಲಾರದ ಚಿನ್ನದ ಗಣಿಯಲ್ಲಿ ಪಳಗಿದ ಒಬ್ಬ ಶೂಟರನದು. ಸಿಡಿಸುವ ಪೆಟ್ಟಿಗೆಯ ಕೀಲಿಯನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ, ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ.

ನಾನು ಇವರೆಲ್ಲರಿಗಿಂತ ಮುಂದೆ ಹೋಗುವವನು, ಪರ್ಮಿಟ್ ಮ್ಯಾನ್. ಹಗರಿಬೊಮ್ಮನಹಳ್ಳಿಯವನು, ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತಿದ್ದುದರಿಂದ ಸಿಕ್ಕ ಕೆಲಸ. ಸೈಕಲ್ಲಿನ ಮೇಲೆ ಊರೂರಿಗೆ ಹೋಗಿ, ಹೊಲದವರ ಸಹಿ ಪಡೆದು ಫಾರಂ ತುಂಬಬೇಕು. ಪಾಯಿಂಟ್ ನಂಬರು, ಜಾಗದ ಒಡೆಯರು, ಹತ್ತಿರದ ಮನೆ, ಬಾವಿ, ಬಾವಿ ಬಳಕೆಯಲ್ಲಿದೆಯೇ, ಒಪ್ಪಿಗೆಯ ಸಹಿ. ಕೊನೆಗೆ ಸಿಡಿಸಿದ ಮೇಲೆ ತುಂಬುವ ಒಂದು ಸಾಲು: ಹಾನಿ. ಸಿಡಿಸುವ ದಿನ ಕೆಂಪು ಬಾವುಟ ಹಿಡಿದು ಜನ, ದನ ಯಾರೂ ಹತ್ತಿರ ಸುಳಿಯದ ಹಾಗೆ ನೋಡಿಕೊಂಡು, ವೈರ್‌ಲೆಸ್ಸಿನಲ್ಲಿ "ಕ್ಲಿಯರ್" ಅನ್ನಬೇಕು. ನಾನು ಕ್ಲಿಯರ್ ಅನ್ನದೆ ಶೂಟರ್ ಪೆಟ್ಟಿಗೆಗೆ ಕೀಲಿ ಹಾಕಿ ಸಿಡಿಸುವಂತಿಲ್ಲ. ತಂಡದ ಮುಖ್ಯಸ್ಥ ಸಾಹೇಬರೇ ಬಂದು ನಿಂತರೂ ಸಿಡಿಸುವಂತಿಲ್ಲ. ಅದು ಕಟ್ಟುನಿಟ್ಟು.

ಈ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ನಿಶ್ಶಬ್ದ. ಬಂಡಿ ಹೋದರೂ ಕಿವಿಗಳಿಗೆ ಕೇಳುತ್ತದೆ, ಕುರಿ ಹಿಂಡು ದಾಟಿದರೆ ಕಾಗದವೆಲ್ಲ ಗೀಚು. ಮೊದಲ ತಿಂಗಳು ಮೂರು ಶಾಟು ಹಾಗೆಯೇ ಹಾಳಾದವು. ಬಾಬು ತಲೆ ಚಚ್ಚಿಕೊಂಡರು. ಆಗ ನಾನು ಸಾಹೇಬರಿಗೆ ಹೇಳಿದೆ: ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಬಂಡಿ ಇಲ್ಲ, ನೇಗಿಲಿಲ್ಲ. ಸೋಮವಾರ ಬೆಳಿಗ್ಗೆ ಗಾಳಿ ಏಳುವ ಮುಂಚೆ, ಕೊಟ್ಟೂರಿನ ರೈಲು ದಾಟಿದ ಮೇಲೆ ಸಿಡಿಸಿದರೆ ಸದ್ದೇ ಇರುವುದಿಲ್ಲ. ಸಾಹೇಬರು ಹಾಗೇ ಮಾಡಿಸಿದರು. ಕಾಗದದ ಮೇಲೆ ಗೆರೆಗಳು ಕೂದಲು ಬಾಚಿದ ಹಾಗೆ ಬಂದವು. ಅವತ್ತಿನಿಂದ ವಾರಕ್ಕೊಂದು ಶಾಟು, ಸೋಮವಾರಕ್ಕೇ ಎಂದು ಗೊತ್ತಾಯಿತು. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ಉಬ್ಬಿದ್ದೇ ತಪ್ಪಾಯಿತೋ ಏನೋ.

ಕೋಗಳಿ ದಾಟಿದ ಮೇಲೆ ನೆಲ ಕೈಕೊಟ್ಟಿತು. ನಾಲ್ಕು ಮೊಳ ಕೊರೆಯುವಷ್ಟರಲ್ಲಿ ನೀಲಿಗಲ್ಲು. ಕೊರೆಯುವ ಯಂತ್ರದ ಹಲ್ಲುಗಳು ದಿನಕ್ಕೊಂದರಂತೆ ಸವೆದು ಬಿದ್ದವು. ಒಂದು ಪಾಯಿಂಟಿಗೆ ಮೂರು ದಿನದ ಕೆಲಸ ಎಂಟು ದಿನಕ್ಕೆ ಹೋಯಿತು. ಸಾಹೇಬರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಕೊರೆಯುವುದು ಸಾಕು. ನೀರಿರುವ ಹಾಳುಬಾವಿ ಹುಡುಕು. ಮದ್ದನ್ನು ನೀರಿನಲ್ಲಿ ಮುಳುಗಿಸಿ ಸಿಡಿಸಿದರೆ ಪೆಟ್ಟು ಚೆನ್ನಾಗಿ ಕೆಳಗಿಳಿಯುತ್ತದೆ. ಆದರೆ ಬಳಕೆಯಲ್ಲಿಲ್ಲ ಎಂದು ಕಾಗದ ಮಾತ್ರ ಪಕ್ಕಾ ಇರಬೇಕು."

ಹದಿನಾಲ್ಕನೇ ಪಾಯಿಂಟು ಬೀಳುವ ಊರಿಗೆ ಹೋದೆ. ಊರಿನ ಹೆಸರು ಬೇಡ, ಹೆಸರು ಹೇಳಿದರೆ ಸುತ್ತಲಿನ ಹತ್ತೂರಿನವರು ನಾವು ಒಳ್ಳೆಯವರು ಎಂದುಕೊಂಡುಬಿಡುತ್ತಾರೆ. ಗೌಡರ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆ. ಖಾಕಿ ಪ್ಯಾಂಟು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಸೀಲು ಬಿದ್ದ ಫಾರಂ. ಗೌಡರು ಎದ್ದು ಬಂದು ಕುರ್ಚಿ ಹಾಕಿಸಿದರು. ಒಳಗಿನಿಂದ ಹಿತ್ತಾಳೆ ಲೋಟದಲ್ಲಿ ಚಹಾ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಹಗರಿಬೊಮ್ಮನಹಳ್ಳಿಯ ಕೇರಿಯವನು. ಆಗ ಕಾಗದದಲ್ಲಿ ಹರಿಜನ ಕೇರಿ ಎಂದು ಬರೆಯುತ್ತಿದ್ದರು. ನನ್ನಪ್ಪ ಅಂಥ ಮನೆಗಳ ಅಂಗಳದಲ್ಲಿ ನಿಂತು, ಸೂರಿನಲ್ಲಿ ಸಿಕ್ಕಿಸಿಟ್ಟ ಬೇರೆ ಬಟ್ಟಲಲ್ಲಿ ಕುಡಿದವನು. ನನಗೆ ಕುರ್ಚಿ, ನನಗೆ ಹಿತ್ತಾಳೆ ಲೋಟ! ಈಗ ಕೇಳುತ್ತಾರೆ, ಈಗ ಕೇಳುತ್ತಾರೆ, ನೀವು ಯಾವ ಪೈಕಿ ಅಂತ. ಅವರು ಕೇಳುವ ಮುಂಚೆ ಸಹಿ ಹಾಕಿಸಿಕೊಂಡು ಹೊರಟುಬಿಡಬೇಕು ಎಂಬುದೊಂದೇ ತಲೆಯಲ್ಲಿತ್ತು.

"ಊರ ಹೊರಗ ಗೋಮಾಳದಾಗ ಒಂದು ಹಾಳುಬಾವಿ ಐತ್ರಿ. ನೀರು ಜಗ್ಗೋ ಗಾಲಿ ಇಲ್ಲ, ಕಟ್ಟಿ ಇಲ್ಲ. ಏನಾರ ಮಾಡ್ಕೊಳ್ರಿ" ಎಂದರು ಗೌಡರು.

"ಬಳಕಿಯಾಗ ಇಲ್ಲಲ್ಲ?"

"ಇಲ್ರೀ. ಬರ್ಕೊಳ್ರಿ."

ಬರೆದುಕೊಂಡೆ. ಗೋಮಾಳದ ಒಡೆಯರ ಜಾಗದಲ್ಲಿ ಊರ ಗೌಡರೆಂದು ಅವರೇ ಸಹಿ ಹಾಕಿದರು. ನಿಯಮದ ಪ್ರಕಾರ ನಾನು ಬಾವಿಯ ತನಕ ಹೋಗಿ, ಇಣುಕಿ ನೋಡಿ, ಅಕ್ಕಪಕ್ಕದವರನ್ನು ಕೇಳಬೇಕು. ಸೈಕಲ್ ಹತ್ತಿ ಅರ್ಧ ದಾರಿ ಹೋದೆ ಕೂಡ. ಬಾವಿಯ ಆಚೆ ಗುಡಿಸಲು ಕಂಡವು. ಅದು ಕೇರಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿಗೆ ಹೋದರೆ ಮೊದಲು ಸಿಕ್ಕ ಮುದುಕಿಯೇ "ಯಾರ ಮಗ ತಮ್ಮಾ" ಎನ್ನುತ್ತಾಳೆ, ಸಂಜೆಯೊಳಗೆ ಗೌಡರ ಮನೆಗೆ ಸುದ್ದಿ ಮುಟ್ಟುತ್ತದೆ, ಆ ಲೋಟವನ್ನು ಬೆಂಕಿಗೆ ಹಾಕಿ ತೊಳೆಯುತ್ತಾರೆ. ದೂರದಿಂದಲೇ ನೋಡಿದೆ. ಗಾಲಿ ಇರಲಿಲ್ಲ, ಕಟ್ಟೆ ಇರಲಿಲ್ಲ. ಸೈಕಲ್ ತಿರುಗಿಸಿದೆ.

ಇದನ್ನು ಬರೆಯುವಾಗ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ. ಗಾಲಿ, ಕಟ್ಟೆ ಕಟ್ಟಿಕೊಳ್ಳಲು ಯಾರಿಗೆ ಗತಿ ಇರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ನಮ್ಮವ್ವ ನೀರು ತಂದ ಬಾವಿಗೆ ಯಾವ ಗಾಲಿ ಇತ್ತು?

ಸೋಮವಾರ ಬಂತು. ಊರಿನಲ್ಲಿ ಡಂಗುರ ಸಾರಿಸಿದ್ದೆವು: ಬೆಳಿಗ್ಗೆ ಸರಕಾರದವರು ಸದ್ದು ಮಾಡುತ್ತಾರೆ, ಯಾರೂ ಹೊಲದ ಕಡೆ ಹೋಗಬೇಡಿ. ಯಾವ ಜಾಗದಲ್ಲಿ ಎಂದು ಸಾರಿರಲಿಲ್ಲ. ಕೇರಿಯ ಜನ ಮಕ್ಕಳನ್ನು ಎತ್ತಿಕೊಂಡು ನನ್ನ ಕೆಂಪು ಬಾವುಟದ ಹಿಂದೆ ಜಾತ್ರೆಗೆ ಬಂದವರ ಹಾಗೆ ನಿಂತಿದ್ದರು. ಅಷ್ಟು ದೂರದಿಂದ ಬಾವಿಯ ಬಳಿ ಶೂಟರ್ ಬಗ್ಗಿದ್ದು ಕಾಣುತ್ತಿತ್ತೇ ಹೊರತು ಏನು ಮಾಡುತ್ತಿದ್ದಾನೆ ಎಂಬುದು ತಿಳಿಯುವಂತಿರಲಿಲ್ಲ. ನಾನು ಹಾನಿಯ ಸಾಲನ್ನು ಬೆಳಿಗ್ಗೆ ಚಹಾ ಕುಡಿಯುವಾಗಲೇ ತುಂಬಿಬಿಟ್ಟಿದ್ದೆ. ಹದಿಮೂರು ಶಾಟಿನಲ್ಲೂ ಏನೂ ಆಗಿರಲಿಲ್ಲ, ಸಿಡಿದ ಕೂಡಲೇ ಫಾರಂ ಮೇಲಿನವರಿಗೆ ಒಯ್ಯಲು ಜೀಪು ಬರುತ್ತದೆ, ಆಗ ಗಡಿಬಿಡಿ ಬೇಡ ಎಂದು. ಹಾನಿ: ಇಲ್ಲ.

ವೈರ್‌ಲೆಸ್ಸಿನಲ್ಲಿ ಶೂಟರನ ದನಿ ಬಂತು. "ಏನಪ್ಪಾ, ಇಲ್ಲಿ ಅಂಚಿನ ಕಲ್ಲು ಒದ್ದೆಯಾಗಿದೆ. ಯಾರೋ ಈಗ ತಾನೇ ನೀರು ತಗೊಂಡು ಹೋಗಿರೋ ಹಾಗಿದೆ. ಪೇಪರ್ ಸರಿಯಾಗಿದೆ ತಾನೆ?"

"ಪೇಪರ್ ಸರಿ ಐತಿ" ಎಂದೆ.

"ನೋಡು ಮತ್ತೆ."

"ಸರಿ ಐತಿ ಅಂದ್ನಲ್ಲ. ಕ್ಲಿಯರ್."

ಮೊದಲು ನೆಲ ಅಂಗಾಲಿಗೆ ಗುದ್ದಿತು. ಆಮೇಲೆ ಬಾವಿಯಿಂದ ಕೆಸರು ನೀರು ತಾಳೆಮರದೆತ್ತರ ಎದ್ದು ನಿಂತು, ಕಲ್ಲುಗಳ ಸಮೇತ ಕುಸಿದು ಬಿತ್ತು. ಹಿಂದೆ ನಿಂತ ಮಕ್ಕಳು ಹೋ ಎಂದು ಕುಣಿದವು. ಬಾಬು ವೈರ್‌ಲೆಸ್ಸಿನಲ್ಲಿ "ಬಹಳ ಒಳ್ಳೆಯ ರೆಕಾರ್ಡು" ಎಂದರು. ಜೀಪು ಬಂದು ಫಾರಂ ಒಯ್ದಿತು.

ಅಷ್ಟರಲ್ಲಿ ಅರವತ್ತರ ಒಬ್ಬ ಹೆಂಗಸು ನನ್ನ ಬಾವುಟ ದಾಟಿ ಬಂದು ಎದುರಿಗೆ ನಿಂತಳು. ಕೇರಿಯವರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು.

"ತಮ್ಮಾ, ಅದು ನಮ್ಮ ಬಾವಿ. ನಮ್ಮ ಬಾವ್ಯಾಗ ಯಾಕ ಹೊಡದ್ರಿ?"

"ಹಾಳುಬಾವಿ ಅಂತ ಬರಕೊಟ್ಟಾರ, ಅವ್ವಾ."

"ಯಾರು?"

"ಗೌಡ್ರು."

"ಗೌಡ ಏನು ಅಲ್ಲಿಗೆ ನೀರಿಗೆ ಬರ್ತಾನೇನು? ನಮ್ಮ ಮಾವ, ಮಾವನ ಅಣ್ಣತಮ್ಮರು ಮೂರು ಬ್ಯಾಸಿಗಿ ಉಳಿ ಹಿಡದು ಕಡದ ಬಾವಿ ಅದು. ಮೂವತ್ತೆರಡು ಮನಿ ಅದಾವು, ಎಲ್ಲಾ ಮನಿಗೂ ಅದs ನೀರು. ಅವನ್ನ ಯಾಕ ಕೇಳಿದಿ? ನಮ್ಮನ್ನ ಯಾಕ ಕೇಳ್ಲಿಲ್ಲ?"

ಬಾವಿಗೆ ಹೋಗಿ ಇಣುಕಿದೆ. ಒಂದು ಕಡೆಯ ಕಲ್ಲಿನ ಗೋಡೆ ಪೂರ್ತಿ ಕುಸಿದಿತ್ತು. ಉಳಿದ ಅಂಚಿನ ಕಲ್ಲುಗಳ ಮೇಲೆ ಹಗ್ಗ ತಿಕ್ಕಿ ತಿಕ್ಕಿ ಬೆರಳು ಹೋಗುವಷ್ಟು ಆಳದ ಗೆರೆಗಳಿದ್ದವು. ಇಷ್ಟು ಹತ್ತಿರ ಮೊದಲೇ ಬಂದಿದ್ದರೆ ಕುರುಡನಿಗೂ ಕೈಗೆ ಸಿಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಇದ್ದಬದ್ದ ನೀರು ತಳದ ಬಿರುಕಿನಲ್ಲಿ ಇಳಿದುಹೋಗಿ, ಮದ್ದಿನ ವಾಸನೆಯ ಕೆಸರು ಉಳಿಯಿತು.

ಅಲ್ಲಿಂದ ನೆಟ್ಟಗೆ ಗೌಡರ ಮನೆಗೆ ಹೋದೆ. ಈ ಸಲ ಕೂರಲಿಲ್ಲ.

"ಹಾಳುಬಾವಿ ಅಂದ್ರಲ್ಲ ಗೌಡ್ರೇ. ಮೂವತ್ತೆರಡು ಮನಿಯವರು ನೀರು ಕುಡಿಯೋ ಬಾವಿ ಹಾಳುಬಾವಿ ಹೆಂಗಾತು?"

ಗೌಡರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅದೇ ನನ್ನನ್ನು ಉರಿಸಿದ್ದು. "ಊರಾಗ ಮೂರು ಬಾವಿ ಅದಾವ್ರಿ. ಅದನ್ನ ನಾವು ಬಾವಿ ಅಂತ ಎಣಿಸಿದ್ದs ಇಲ್ಲ. ನೀವ್ಯಾಕ ಇಷ್ಟು ತಲಿ ಬಿಸಿ ಮಾಡ್ಕೋತೀರಿ? ಅವರಿಗೆ ನೀರು ನಾವು ಹಾಕಸ್ತೀವಿ. ಕೂಡ್ರಿ, ಚಾ ತರಸ್ತೀನಿ."

"ನಾನೂ ಕೇರಿಯಾಂವನs ರೀ. ಮೊನ್ನಿ ನಿಮ್ಮ ಕುರ್ಚಿ ಮ್ಯಾಲೆ ಕುಂತು ನಿಮ್ಮ ಲೋಟದಾಗs ಚಾ ಕುಡದೀನಿ. ಲೋಟ ಬೇಕಾದ್ರ ಈಗ ತೊಳಸ್ರಿ."

ಅವರ ಮುಖ ಆಗ ಕೆಂಪಾಯಿತು. ಬಾವಿಗೆ ಕೆಂಪಾಗದ ಮುಖ ಲೋಟಕ್ಕೆ ಕೆಂಪಾಯಿತು. ನಾನು ಕಾಯದೆ ಹೊರಬಂದೆ.

ಡೇರೆಗೆ ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವರು ಫೈಲು ತೆಗೆದು ನಕಲು ಪ್ರತಿ ನೋಡಿದರು. "ಒಡೆಯರ ಸಹಿ ಇದೆ. ಹಾನಿ ಇಲ್ಲ ಎಂದು ನಿನ್ನ ಅಕ್ಷರದಲ್ಲೇ ಇದೆ. ಮೂಲ ಪ್ರತಿ ಹೋಗಿಯಾಯಿತು. ದೂರು ಕೊಡುವುದಿದ್ದರೆ ಸಹಿ ಹಾಕಿದವರು ಕೊಡಲಿ."

"ಸಹಿ ಹಾಕಿದವರಿಗೆ ಏನೂ ನಷ್ಟ ಆಗಿಲ್ಲ, ಸಾರ್."

"ಹಾಗಾದರೆ ಮುಗಿಯಿತಲ್ಲ. ಹದಿನೈದನೇ ಪಾಯಿಂಟಿನ ಕಾಗದ ಮುಗಿಸು."

ಆ ಮನುಷ್ಯ ಕೆಟ್ಟವನೇನಲ್ಲ. ಕೂಲಿಯವರಿಗೆ ಜ್ವರ ಬಂದರೆ ತನ್ನ ಜೀಪು ಕೊಡುತ್ತಿದ್ದ. ಆದರೆ ಕಾಗದದಲ್ಲಿ ಇಲ್ಲದ್ದು ಅವನ ಪಾಲಿಗೆ ಲೋಕದಲ್ಲೂ ಇರುತ್ತಿರಲಿಲ್ಲ.

ಆ ವಾರ ದಿನಾ ಆ ಊರಿನ ಮೇಲೆ ಹಾದುಹೋದೆ. ಗೌಡರು ಹಾಕಿಸುತ್ತೇನೆಂದ ನೀರನ್ನು ಕಣ್ಣಾರೆ ನೋಡಿದೆ. ಕೇರಿಯ ಹೆಂಗಸರು ಊರ ಬಾವಿಯಿಂದ ಇಪ್ಪತ್ತು ಮಾರು ದೂರ ಕೊಡಗಳನ್ನು ಸಾಲಾಗಿಟ್ಟು ಬಿಸಿಲಲ್ಲಿ ಕೂತಿರುತ್ತಿದ್ದರು. ಊರವರು ತಮ್ಮ ಕೆಲಸ ಮುಗಿಸಿ, ಮನಸ್ಸು ಬಂದರೆ ಒಂದು ಕೊಡ ತಂದು ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ ಬೀಳುತ್ತಿತ್ತು, ಅರ್ಧ ನೆಲಕ್ಕೆ. ಕೂಲಿಗೆ ಹೋಗುವ ಹೊತ್ತು ಮೀರಿ ಎಷ್ಟೋ ಜನ ಖಾಲಿ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಎರಡನೇ ದಿನ ಆ ಸಾಲಿನಲ್ಲಿ ಕೂತಿದ್ದ ದೊಡ್ಡವ್ವ ನನ್ನನ್ನು ನಿಲ್ಲಿಸಿ ಕೇಳಿದಳು, "ಯಾವೂರು? ಯಾರ ಮಗ?" ಹೇಳಿದೆ. ಅಪ್ಪನ ಹೆಸರು, ಕೇರಿ, ಎಲ್ಲ. ಅವಳು ನನ್ನ ಟೊಪ್ಪಿಗೆ ನೋಡಿದಳು.

"ನಮ್ಮಾಂವ ಆಗಿ ನೀನೂ ಗೌಡನ್ನs ಕೇಳಿ ಹೋದಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಸೋಮವಾರ ಹದಿನೈದನೇ ಪಾಯಿಂಟು, ಕೊಟ್ಟೂರಿನ ಕಡೆಗೆ. ಇದು ಬಾವಿಯಲ್ಲ, ಹತ್ತಿರ ಹಾಳುಬಾವಿ ಸಿಗದ್ದಕ್ಕೆ ಮೊದಲೇ ಕೊರೆದಿಟ್ಟ ರಂಧ್ರ. ಆರು ಮೈಲಿ ಕೇಬಲ್ ಹಾಸಿಯಾಗಿತ್ತು. ರೈಲು ದಾಟಿತು. ಶೂಟರ್ ಮದ್ದು ತುಂಬಿ "ರೆಡಿ" ಎಂದ. ಬಾಬು "ರೆಡಿ" ಎಂದರು. ಎಲ್ಲರೂ ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ಸುತ್ತ ಒಂದು ಕುರಿಯೂ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ.

"ಪರ್ಮಿಟ್ ಮ್ಯಾನ್, ಕ್ಲಿಯರ್ ಇದೆಯೇ?" ಸಾಹೇಬರ ದನಿ.

"ಇಲ್ಲ, ಸಾರ್."

"ಏನಿದೆ ಅಡ್ಡ?"

"ಹದಿನಾಲ್ಕನೇ ಪಾಯಿಂಟ್ ಇದೆ, ಸಾರ್. ಕೊರೆಯುವ ಯಂತ್ರ ಎರಡು ದಿನ ಆ ಕೇರಿಗೆ ಹೋಗಬೇಕು. ಅವರಿಗೆ ಒಂದು ಬೋರು ಕೊರೆದುಕೊಡಬೇಕು. ಹಾಗೆಂದು ನೀವು ಇಲ್ಲೇ, ಎಲ್ಲರೂ ಕೇಳುವ ಹಾಗೆ ಹೇಳಿದರೆ ಕ್ಲಿಯರ್."

ವೈರ್‌ಲೆಸ್ಸಿನಲ್ಲಿ ಸಾಹೇಬರ ಬೈಗಳು ಶುರುವಾದವು. ನಾಳೆಯಿಂದ ನಿನಗೆ ಕೆಲಸವಿಲ್ಲ ಎಂದರು, ಪೊಲೀಸಿಗೆ ಕೊಡುತ್ತೇನೆ ಎಂದರು. ಹೆದರಿದ್ದೆ, ಸುಳ್ಳೇಕೆ. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಗೇಣು ಮೇಲಿತ್ತು. ಕೊನೆಗೆ ಅವರು ಶೂಟರನಿಗೇ ಹೇಳಿದರು, "ಅವನನ್ನು ಬಿಡು. ನಾನು ಹೇಳುತ್ತಿದ್ದೇನೆ, ಸಿಡಿಸು."

ಶೂಟರ್ ಹಿಂದಿಯಲ್ಲಿ, ಒಂದೊಂದೇ ಮಾತು ತೂಗಿ, "ಪರ್ಮಿಟ್ ಮ್ಯಾನ್ ಕ್ಲಿಯರ್ ಅಂದಿಲ್ಲ, ಸಾರ್. ಕೀಲಿ ಹಾಕುವ ಹಾಗಿಲ್ಲ. ರೂಲು ನಿಮ್ಮದೇ" ಎಂದ. ಆಮೇಲೆ ಕನ್ನಡದಲ್ಲಿ, ನನಗೆ ಮಾತ್ರ ತಿಳಿಯುವ ಹಾಗೆ: "ಅವತ್ತು ಒದ್ದೆ ಕಲ್ಲು ನೋಡಿ ನಾನೂ ಸುಮ್ನಾದೆನಲ್ಲಪ್ಪ. ಬಿಡಬೇಡ."

ಒಂಬತ್ತೂವರೆಗೆ ಗಾಳಿಯ ಮೊದಲ ಬೀಸು ಬಂತು. ಇನ್ನರ್ಧ ಗಂಟೆ ಕಳೆದರೆ ಜಾಲಿ ಗಿಡಗಳು ಅಲ್ಲಾಡತೊಡಗಿ ಕಾಗದ ಹಾಳು, ಮುಂದಿನ ಸೋಮವಾರದ ತನಕ ಇಡೀ ತಂಡ ಕೈಕಟ್ಟಿ ಕೂರಬೇಕು. ಅದು ಸಾಹೇಬರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ಎರಡು ದಿನ. ಒಂದು ಗಂಟೆ ಹೆಚ್ಚಿಲ್ಲ" ಎಂದರು.

"ಬಾಬು, ಡೈರಿಯಲ್ಲಿ ಬರೆದುಕೊಂಡಿರಾ?" ಎಂದು ಕೇಳಿದೆ.

"ಬರೆದುಕೊಂಡೆ" ಎಂದರು ಬಾಬು.

"ಕ್ಲಿಯರ್."

ಮಾರನೇ ಬೆಳಿಗ್ಗೆ ಯಂತ್ರ ಕೇರಿಗೆ ಬಂತು. ಮೊದಲ ರಂಧ್ರವನ್ನು ಹಳೆಯ ಬಾವಿಯ ಪಕ್ಕದಲ್ಲೇ ಹಾಕಿಸಿದೆ. ಸಂಜೆಯ ತನಕ ನೀಲಿ ಹಿಟ್ಟು ಹಾರಿತೇ ಹೊರತು ಒಂದು ಹನಿ ತೇವ ಬರಲಿಲ್ಲ. ಒಂದು ದಿನ ಹೋಯಿತು. ಕೇರಿಯವರೆಲ್ಲ ಸುತ್ತ ಕೂತಿದ್ದರು. ನಾನು ಸೈಕಲ್ ತುಳಿದುಕೊಂಡು ಬಾಬುವಿನ ಲಾರಿಗೆ ಹೋದೆ.

ಬಾಬು ಹದಿನಾಲ್ಕನೇ ಶಾಟಿನ ಕಾಗದ ಬಿಚ್ಚಿ ಹಾಸಿದರು. ಒಂದೊಂದು ಕಿವಿಗೂ ಒಂದೊಂದು ಗೆರೆ, ಸದ್ದು ಮುಟ್ಟಿದ ಕಡೆ ಒಂದು ಕೊಕ್ಕೆ. ಗಟ್ಟಿ ಕಲ್ಲಿನಲ್ಲಿ ಸದ್ದು ಬೇಗ ಓಡುತ್ತದೆ, ಸಡಿಲ ಕಲ್ಲಿನಲ್ಲಿ ತಡವಾಗುತ್ತದೆ. ಕೊಕ್ಕೆಗಳೆಲ್ಲ ಓರೆಯಾಗಿ ಒಂದೇ ಸಾಲಿನಲ್ಲಿ ಇಳಿಯುತ್ತಿದ್ದವು, ಒಂದು ಕಡೆ ಮಾತ್ರ ಮೂರು ಗೆರೆಗಳಲ್ಲಿ ಹಿಂದೆ ಬಿದ್ದಿದ್ದವು. ಬಾಬು ಅಲ್ಲಿ ಪೆನ್ಸಿಲ್ ಇಟ್ಟು, "ಈ ಮೂರು ಗೂಟಗಳ ಕೆಳಗೆ ಕಲ್ಲು ಆಳದ ತನಕ ಕೊಳೆತಿದೆ. ನೀರು ನಿಂತರೆ ಇಲ್ಲೇ ನಿಂತೀತು" ಎಂದರು. ಬಾವಿ ಒಡೆದ ಅದೇ ಪೆಟ್ಟು ಬರೆದ ಕಾಗದ ಅದು.

ಆ ಗೂಟಗಳು ಕೇರಿಯ ಹಿತ್ತಲಿನ ಬನ್ನಿಗಿಡದ ಹತ್ತಿರವಿದ್ದವು. ಎರಡನೇ ದಿನ ಅಲ್ಲಿ ಕೊರೆದರು. ಹಿಟ್ಟು ಹಳದಿಯಾಯಿತು, ಆಮೇಲೆ ಒದ್ದೆಯಾಯಿತು, ಆಮೇಲೆ ಹಿಟ್ಟೇ ನಿಂತು ಕೆಸರು ಉಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕೆಸರು ತಿಳಿಯಾಗುತ್ತ ಬಂತು. ಶೂಟರ್ ಸಾಮಾನಿನ ಲಾರಿಯಿಂದ ಕಬ್ಬಿಣದ ಕೊಳವೆ ತಂದು ಬಾಯಿಗೆ ಇಳಿಸಿದ. ಆ ಸಣ್ಣ ಬಾಯಿಯಲ್ಲಿ ಕೊಡ ಹೋಗುವುದಿಲ್ಲವಲ್ಲ, ಅದಕ್ಕೆ ಒಂದು ಉದ್ದನೆಯ ತಗಡಿನ ಕೊಳವೆಯ ತಳಕ್ಕೆ ಚರ್ಮದ ಮುಚ್ಚಳ ಹೊಲಿಸಿದ. ಇಳಿಬಿಟ್ಟರೆ ಮುಚ್ಚಳ ತೆರೆದು ನೀರು ತುಂಬುತ್ತದೆ, ಎಳೆದರೆ ಮುಚ್ಚಿಕೊಳ್ಳುತ್ತದೆ. ಚರ್ಮ ಹೊಲಿದುಕೊಟ್ಟವರು ಕೇರಿಯವರೇ. ಆ ಕೆಲಸ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಂಜೆ ಗೌಡರ ಆಳೊಬ್ಬ ಬಂದು, "ಇನ್ನೊಂದು ಊರ ಕಡಿ ಹಾಕಸ್ರಿ ಅಂದಾರ ಗೌಡ್ರು" ಎಂದ. "ಕಾಗದ ಇಲ್ಲ ಅಂತ ಹೇಳಪ್ಪ" ಎಂದೆ.

ದೊಡ್ಡವ್ವ ಮೊದಲ ಕೊಳವೆ ನೀರು ಎಳೆದು ಬಿಂದಿಗೆಗೆ ಸುರಿದಳು. ಒಂದು ಚೆಂಬು ನನ್ನ ಕೈಗೂ ಕೊಟ್ಟಳು. ಕುಡಿದೆ. ಕಬ್ಬಿಣದ ರುಚಿ ಇತ್ತು.

"ನೀರು ಚಲೋ ಐತಿ" ಎಂದಳು. "ಆ ಬಾವಿ ಬ್ಯಾರೆ, ಇದು ಬ್ಯಾರೆ. ಅದನ್ನ ಮರತೀನಿ ಅಂದ್ಕೋಬ್ಯಾಡ."

ತಂಡ ಕೂಡ್ಲಿಗಿ ಮುಟ್ಟುವ ಮುಂಚೆಯೇ, ಇನ್ನು ಸ್ಥಳೀಯ ನೆರವಿನ ಅಗತ್ಯವಿಲ್ಲ ಎಂಬ ಒಂದು ಸಾಲಿನ ಚೀಟಿ ನನ್ನ ಕೈಗೆ ಬಂತು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಬೇರೆಯದಕ್ಕೆ. ಯಂತ್ರ ಎರಡು ದಿನ ಎಲ್ಲಿ ಹೋಗಿತ್ತು ಎಂದು ಮೇಲಿನವರು ಕೇಳಬಾರದಲ್ಲ, ಸಾಹೇಬರು ಅದನ್ನು ಹದಿನಾಲ್ಕು-ಎ, ಕೊರೆದು ಮುಚ್ಚಿದ ರಂಧ್ರ ಎಂದು ಬರೆಸಿದ್ದರು. ಹೀಗೆ ಆ ಕೇರಿಯ ಹಳೆಯ ಬಾವಿ ಕಾಗದದಲ್ಲಿ ಎಂದೂ ಬಳಕೆಯಲ್ಲಿರಲಿಲ್ಲ, ಹೊಸ ಬೋರು ಎಂದೂ ತೆರೆದಿರಲಿಲ್ಲ. ಮೂವತ್ತೆರಡು ಮನೆಗಳೇ ಇರಲಿಲ್ಲ.

ಆ ಫಾರಂ ಈಗಲೂ ಯಾವುದೋ ಊರಿನ ಯಾವುದೋ ಕಪಾಟಿನಲ್ಲಿ ಇರುತ್ತದೆ. ಸರಕಾರಿ ಕಾಗದಕ್ಕೆ ಸಾವಿಲ್ಲ. ತಿದ್ದಲು ಕೊಡಿ ಎಂದು ಮೂರು ಸಲ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಇಲ್ಲೇ ತುಂಬುತ್ತೇನೆ.

ಪಾಯಿಂಟ್ ನಂಬರು: ಹದಿನಾಲ್ಕು. ಬಾವಿ: ಬಳಕೆಯಲ್ಲಿತ್ತು. ಕಡಿದವರು: ಕೇರಿಯವರು, ಮೂರು ಬೇಸಿಗೆ. ಅವರ ಒಪ್ಪಿಗೆ: ಕೇಳಲಿಲ್ಲ. ಹಾನಿ: ಬಾವಿ ಹೋಯಿತು. ಕ್ಲಿಯರ್ ಅಂದವನು: ನಾನು.